ಸ್ವಂತ ದುಡ್ಡಲ್ಲಿ ಮ್ಯೂಸಿಯಂ ತುಂಬಿಸಿದ ಕ್ಯುರೇಟರ್

ಕಂಪನಿ ಬೇಡ ಅಂದ ವಸ್ತುವನ್ನ ನೌಕರನೇ ಜೇಬಿನಿಂದ ದುಡ್ಡು ಹಾಕಿ ಕೊಂಡು, ಆಮೇಲೆ ಅದೇ ಕಂಪನಿಗೆ ಪುಕ್ಕಟೆ ಕೊಟ್ಟರೆ? ಬಿಕಾಂ ಓದಿದ ನನಗೆ ಈ ಲೆಕ್ಕ ಟ್ಯಾಲಿ ಆಗೋದೇ ಇಲ್ಲ. ಆದರೆ ಆಗಸ್ಟಸ್ ವೊಲಾಸ್ಟನ್ ಫ್ರಾಂಕ್ಸ್ ಮಾಡಿದ್ದು ಅದನ್ನೇ.

1851ರಲ್ಲಿ, 25ನೇ ವಯಸ್ಸಿಗೆ ಅವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದರು. ಆಗ ಅಲ್ಲಿ ಗ್ರೀಸ್, ರೋಮ್, ಈಜಿಪ್ಟ್ ಅಂದ್ರೆ ಮರ್ಯಾದೆ. ಬ್ರಿಟನ್ನಿನದೇ ಹಳೇ ವಸ್ತುಗಳನ್ನ ಕೇಳೋರು ಕಮ್ಮಿ. ತಿಮಿಂಗಿಲದ ಮೂಳೆಯಲ್ಲಿ ಕೆತ್ತಿದ 8ನೇ ಶತಮಾನದ ಇಂಗ್ಲಿಷ್ ಪೆಟ್ಟಿಗೆಯೊಂದನ್ನ ಮ್ಯೂಸಿಯಂ ಕೊಳ್ಳಲಿಲ್ಲ. ಫ್ರಾಂಕ್ಸ್ ಕೊಂಡರು, 1867ರಲ್ಲಿ ಮ್ಯೂಸಿಯಂಗೇ ದಾನ ಕೊಟ್ಟರು. ಇವತ್ತು ಅದರ ಹೆಸರೇ ಫ್ರಾಂಕ್ಸ್ ಕ್ಯಾಸ್ಕೆಟ್.

ಒಂದು ಕಡೆ ಪಿಂಗಾಣಿ, ಉಂಗುರ, ಇಸ್ಪೀಟ್ ಎಲೆ. ಇನ್ನೊಂದು ಕಡೆ ಕಬ್ಬಿಣ ಯುಗದ ಕಲೆಯ ಅಧ್ಯಯನ. ಅಲಂಕಾರ ಬೇರೆ, ಪುರಾತತ್ವ ಬೇರೆ ಅನ್ನೋ ಗೋಡೆ ಅವರಿಗೆ ಇರಲೇ ಇಲ್ಲ. 1878ರಲ್ಲಿ ಇಡೀ ಮ್ಯೂಸಿಯಂನ ಮುಖ್ಯಸ್ಥರ ಹುದ್ದೆ ಬಂದಾಗಲೂ ಬೇಡ ಅಂದರು. 1897ರಲ್ಲಿ ತೀರಿಕೊಂಡಾಗ, ಪ್ರಾಚೀನ ಪರ್ಷಿಯಾದ ಆಕ್ಸಸ್ ನಿಧಿಯ ಚಿನ್ನವನ್ನೂ ಮ್ಯೂಸಿಯಂಗೇ ಬರೆದಿಟ್ಟಿದ್ದರು.

ಈಗ ನಮ್ಮ ಕಡೆಯ ವಿಷಯ. ಆಂಧ್ರದ ಅಮರಾವತಿ ಸ್ತೂಪದ ಶಿಲ್ಪಗಳು ಆಗಲೇ ಲಂಡನ್ನಿನ ಇಂಡಿಯಾ ಮ್ಯೂಸಿಯಂ ಸೇರಿದ್ದವು. 1880ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂಗೆ ಬರೋ ಹಾಗೆ ನೋಡಿಕೊಂಡವರೂ ಫ್ರಾಂಕ್ಸ್. ಕಲ್ಲುಗಳು ಉಳಿದವು, ನಿಜ. ಆದರೆ ಕ್ಯಾಸ್ಕೆಟ್‌ಗೆ ಅವರು ದುಡ್ಡು ಕೊಟ್ಟಿದ್ದರು. ಅಮರಾವತಿಯ ಕಲ್ಲುಗಳು ಸಮುದ್ರ ದಾಟಿದ್ದು ಬ್ರಿಟಿಷ್ ಆಡಳಿತದ ಬಲದಲ್ಲಿ. ಫ್ರಾಂಕ್ಸ್ ಅವರ ಉದಾರತೆ ಈ ಎರಡನೇ ಲೆಕ್ಕವನ್ನ ಚುಕ್ತಾ ಮಾಡಲ್ಲ, ನನ್ನ ಪ್ರಕಾರ.

ಮುಂದಿನ ಸಲ ಮ್ಯೂಸಿಯಂಗೆ ಹೋದಾಗ ಸೆಲ್ಫಿಗೂ ಮುಂಚೆ ಲೇಬಲ್ ಓದಿ. ಕೊಟ್ಟವರ ಹೆಸರು ಇರುತ್ತೆ. ಅವರಿಗೆ ಅದು ಎಲ್ಲಿಂದ ಬಂತು ಅಂತಾನೂ ಕೇಳಿ. ಸಿಗೋಣ!