ಸಹಕಿಣ್ವಗಳು ಮತ್ತು ಜೀವಸತ್ವಗಳು

ಸಹಕಿಣ್ವವೆಂದರೆ ಕಿಣ್ವದೊಡನೆ ಕೂಡಿ ಅದರ ಕೆಲಸ ನಡೆಯುವಂತೆ ಮಾಡುವ, ಪ್ರೋಟೀನ್ ಅಲ್ಲದ ಸಣ್ಣ ಸಾವಯವ ಅಣು. ಕಿಣ್ವಗಳು ಬಹುಪಾಲು ಪ್ರೋಟೀನುಗಳು. ಆದರೆ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವುದು, ಇಂಗಾಲದ ತುಣುಕನ್ನು ಒಂದು ಅಣುವಿನಿಂದ ಬಿಡಿಸಿ ಇನ್ನೊಂದಕ್ಕೆ ಸೇರಿಸುವುದು ಮೊದಲಾದ ಹಲವು ಕೆಲಸಗಳಿಗೆ ಅಮೈನೋ ಆಮ್ಲಗಳಷ್ಟೇ ಸಾಲವು. ಅಲ್ಲಿ ಸಹಕಿಣ್ವ ಬೇಕು. ಅನೇಕ ಸಹಕಿಣ್ವಗಳ ಮುಖ್ಯ ಭಾಗವನ್ನು ಮನುಷ್ಯನ ದೇಹ ತಾನೇ ತಯಾರಿಸಿಕೊಳ್ಳಲಾರದು. ಅದು ಆಹಾರದಿಂದ ಜೀವಸತ್ವದ ರೂಪದಲ್ಲಿ ಬರಬೇಕು. ಬಿ ಗುಂಪಿನ ಜೀವಸತ್ವಗಳ ಮಹತ್ವವೆಲ್ಲ ಇದರಲ್ಲಿದೆ.

ಕೆಲಸದ ಬಗೆ

ಸಹಕಿಣ್ವವಿಲ್ಲದ ಬರಿಯ ಪ್ರೋಟೀನನ್ನು ಅಪೋಕಿಣ್ವವೆಂದೂ ಎರಡೂ ಕೂಡಿದ ರೂಪವನ್ನು ಪೂರ್ಣಕಿಣ್ವವೆಂದೂ ಕರೆಯುತ್ತಾರೆ. ಬಯೋಟಿನ್‌ನಂಥ ಸಹಕಿಣ್ವಗಳು ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ನಯಾಸಿನ್ ಎಂಬ ಜೀವಸತ್ವದಿಂದ ತಯಾರಾಗುವ ಎನ್‌ಎಡಿ ಹಾಗಲ್ಲ. ಅದು ಒಂದು ಕಿಣ್ವದ ಬಳಿ ಎಲೆಕ್ಟ್ರಾನುಗಳನ್ನು ಪಡೆದು, ಇನ್ನೊಂದೆಡೆ ಅವನ್ನು ಒಪ್ಪಿಸಿ, ಮತ್ತೆ ಮೊದಲಿನ ರೂಪಕ್ಕೆ ಮರಳುತ್ತದೆ. ಹೀಗೆ ಸಹಕಿಣ್ವ ಬಳಕೆಯಾಗಿ ಮುಗಿದುಹೋಗದೆ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತದೆ. ಪಿಷ್ಟ, ಕೊಬ್ಬು, ಪ್ರೋಟೀನುಗಳು ದಿನಕ್ಕೆ ಹತ್ತಾರು, ನೂರಾರು ಗ್ರಾಂ ಬೇಕಾದರೂ ಜೀವಸತ್ವಗಳು ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕಾಗುವುದು ಇದೇ ಕಾರಣದಿಂದ. ಜೀವಸತ್ವದಿಂದ ನೇರವಾಗಿ ಶಕ್ತಿ ಹುಟ್ಟುವುದಿಲ್ಲ. ಆಹಾರದಲ್ಲಿರುವ ಶಕ್ತಿಯನ್ನು ಹೊರತೆಗೆಯುವ ಕಿಣ್ವಗಳಿಗೆ ಅದು ಬೇಕು.

ಇತಿಹಾಸ

1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟ್ ಕೋಶಗಳನ್ನು ಅರೆದು ತೆಗೆದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿದ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಇಂಥ ರಸವನ್ನು ಸೂಕ್ಷ್ಮವಾಗಿ ಸೋಸಿ, ದೊಡ್ಡ ಅಣುಗಳ ಭಾಗವನ್ನೂ ಸಣ್ಣ ಅಣುಗಳ ಭಾಗವನ್ನೂ ಬೇರ್ಪಡಿಸಿದರು. ಎರಡರಲ್ಲಿ ಯಾವುದೂ ಒಂಟಿಯಾಗಿ ಸಕ್ಕರೆಯನ್ನು ಹುದುಗಿಸಲಿಲ್ಲ. ಬೆರೆಸಿದೊಡನೆ ಹುದುಗುವಿಕೆ ಮರಳಿತು. ಕುದಿಸಿದರೆ ಮೊದಲನೆಯದು ಕೆಟ್ಟಿತು, ಎರಡನೆಯದು ಕೆಡಲಿಲ್ಲ. ಕಾವನ್ನು ತಾಳಿಕೊಂಡ ಆ ಭಾಗದಲ್ಲಿ ಇದ್ದದ್ದೇ ಸಹಕಿಣ್ವ. ಈ ಕ್ಷೇತ್ರದ ಸಂಶೋಧನೆಗಾಗಿ ಹಾರ್ಡನ್ ಮತ್ತು ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಅವರಿಗೆ 1929ರ ರಸಾಯನಶಾಸ್ತ್ರ ನೊಬೆಲ್ ಬಹುಮಾನ ಬಂತು.

ಅದೇ ವರ್ಷ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಪಡೆದವರಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಒಬ್ಬ. ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ನರರೋಗ ತಗಲುವುದನ್ನು ಆತ ಜಾವಾದಲ್ಲಿ ಕಂಡಿದ್ದ. 1937ರಲ್ಲಿ ಲೋಮನ್ ಮತ್ತು ಶುಸ್ಟರ್ ಯೀಸ್ಟ್‌ನ ಒಂದು ಸಹಕಿಣ್ವ ಥಯಾಮಿನ್ ಪೈರೋಫಾಸ್ಫೇಟ್ ಎಂದು ಗುರುತಿಸಿದಾಗ ಎರಡೂ ದಾರಿಗಳು ಕೂಡಿದವು. ಕೋಳಿಗಳ ಕಾಯಿಲೆಯನ್ನು ತಡೆಯುವ ತೌಡಿನ ಥಯಾಮಿನ್, ಅಂದರೆ ಬಿ1 ಜೀವಸತ್ವವೇ, ಆ ಸಹಕಿಣ್ವದ ತಿರುಳಾಗಿತ್ತು.

ಥಯಾಮಿನ್: ಒಂದು ನಿದರ್ಶನ

ಅನ್ನದ ಪಿಷ್ಟ ಗ್ಲೂಕೋಸ್ ಆಗಿ, ಗ್ಲೂಕೋಸ್ ಒಡೆದು ಪೈರುವೇಟ್ ಆಗುತ್ತದೆ. ಪೈರುವೇಟಿನಿಂದ ಇಂಗಾಲದ ಡೈಆಕ್ಸೈಡನ್ನು ಕಳಚಿ, ಉಳಿದ ಎರಡು ಇಂಗಾಲದ ತುಣುಕನ್ನು ಮುಂದಿನ ದಹನಕ್ಕೆ ಒದಗಿಸುವುದು ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಥಯಾಮಿನ್ ಪೈರೋಫಾಸ್ಫೇಟ್ ಅದರ ಸಹಕಿಣ್ವಗಳಲ್ಲಿ ಒಂದು. ಥಯಾಮಿನ್‌ನ ಉಂಗುರದಲ್ಲಿ ಗಂಧಕ ಮತ್ತು ಸಾರಜನಕಗಳ ನಡುವೆ ಒಂದು ಇಂಗಾಲದ ಪರಮಾಣುವಿದೆ. ಅದು ಪ್ರೋಟಾನನ್ನು ಬಿಟ್ಟುಕೊಟ್ಟು, ಪೈರುವೇಟನ್ನು ಹಿಡಿದುಕೊಂಡು, ಕಳಚುವ ಕೆಲಸವನ್ನು ಸುಲಭಗೊಳಿಸುತ್ತದೆ. ಈ ಗುಟ್ಟನ್ನು 1958ರಲ್ಲಿ ಅಮೆರಿಕದ ರೊನಾಲ್ಡ್ ಬ್ರೆಸ್ಲೊ ವಿವರಿಸಿದ. ಇದೊಂದೇ ಹಂತಕ್ಕೆ ಐದು ಸಹಕಿಣ್ವಗಳು ಬೇಕು. ಅವುಗಳಲ್ಲಿ ನಾಲ್ಕು ಥಯಾಮಿನ್, ರೈಬೋಫ್ಲೇವಿನ್, ನಯಾಸಿನ್ ಮತ್ತು ಪ್ಯಾಂಟೋಥೆನಿಕ್ ಆಮ್ಲ ಎಂಬ ಜೀವಸತ್ವಗಳಿಂದ ಬರುತ್ತವೆ. ಐದನೆಯ ಲಿಪೋಯಿಕ್ ಆಮ್ಲವನ್ನು ದೇಹವೇ ತಯಾರಿಸುತ್ತದೆ.

ಥಯಾಮಿನ್ ಸಾಲದಿದ್ದರೆ ಪೈರುವೇಟ್ ಮತ್ತು ಲ್ಯಾಕ್ಟೇಟ್ ರಕ್ತದಲ್ಲಿ ಕೂಡಿಕೊಳ್ಳುತ್ತವೆ. ಮಿದುಳು, ನರ, ಹೃದಯಗಳು ಮೊದಲು ಸೊರಗುತ್ತವೆ. ಆದ್ದರಿಂದಲೇ ತೀವ್ರ ಕೊರತೆಯಿರುವ ರೋಗಿಗೆ ಗ್ಲೂಕೋಸ್ ಡ್ರಿಪ್ ಹಾಕುವಾಗ ಥಯಾಮಿನ್ ಕೊಡುವುದನ್ನು ವೈದ್ಯರು ಮರೆಯುವುದಿಲ್ಲ. ಕರಾವಳಿಯ ಕುಚ್ಚಲಕ್ಕಿ ಈ ದೃಷ್ಟಿಯಿಂದ ಬಿಳಿಯ ಬೆಳ್ತಿಗೆ ಅಕ್ಕಿಗಿಂತ ಮೇಲು. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಜೀವಸತ್ವದ ಒಂದು ಪಾಲು ಕಾಳಿನ ಒಳಕ್ಕಿಳಿಯುತ್ತದೆ. ಮಿಲ್ಲಿನಲ್ಲಿ ತೌಡು ತೆಗೆದ ಮೇಲೂ ಅದು ಉಳಿಯುತ್ತದೆ.

ಇತರ ಮುಖ್ಯ ಸಹಕಿಣ್ವಗಳು

ರೈಬೋಫ್ಲೇವಿನ್‌ನಿಂದ ಎಫ್‌ಎಡಿ ಮತ್ತು ಎಫ್‌ಎಂಎನ್ ಆಗುತ್ತವೆ. ಎನ್‌ಎಡಿಯಂತೆ ಇವೂ ಎಲೆಕ್ಟ್ರಾನುಗಳನ್ನು ಸಾಗಿಸುತ್ತವೆ. ಪ್ಯಾಂಟೋಥೆನಿಕ್ ಆಮ್ಲ ಸೇರಿ ಆಗುವ ಸಹಕಿಣ್ವ-ಎ ಕೊಬ್ಬಿನ ತಯಾರಿಕೆಗೂ ದಹನಕ್ಕೂ ಬೇಕು. ಇದನ್ನು ಕಂಡುಹಿಡಿದ ಫ್ರಿಟ್ಜ್ ಲಿಪ್‌ಮನ್ 1953ರ ನೊಬೆಲ್ ಬಹುಮಾನವನ್ನು ಹಂಚಿಕೊಂಡ. ಅಮೈನೋ ಆಮ್ಲಗಳನ್ನು ಮಾರ್ಪಡಿಸುವ ಕಿಣ್ವಗಳಿಗೆ ಬಿ6ರ ರೂಪವಾದ ಪಿರಿಡಾಕ್ಸಲ್ ಫಾಸ್ಫೇಟ್ ಆಧಾರ. ಫೋಲೇಟ್ ಮತ್ತು ಬಿ12 ಡಿಎನ್‌ಎ ತಯಾರಿಕೆಗೆ ನೆರವಾಗುತ್ತವೆ. ಇವು ಸಾಲದಿದ್ದರೆ ಕೆಂಪು ರಕ್ತಕಣಗಳು ಬಲಿಯದೆ ರಕ್ತಹೀನತೆ ಬರುತ್ತದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಮುಂಬಯಿಯ ಬಡ ಗರ್ಭಿಣಿಯರಲ್ಲಿ ಇಂಥ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು ತೋರಿಸಿದಳು. ಆ ಸಾರದಲ್ಲಿದ್ದ ಅಂಶವೇ ಫೋಲೇಟ್.

ಎಲ್ಲ ಜೀವಸತ್ವಗಳೂ ಸಹಕಿಣ್ವಗಳಾಗುವುದಿಲ್ಲ. ಡಿ ಜೀವಸತ್ವ ದೇಹದಲ್ಲಿ ಹಾರ್ಮೋನಿನಂತೆ ಕೆಲಸ ಮಾಡುತ್ತದೆ.

ಕೊರತೆ ಮತ್ತು ಮಿತಿ

ದೇಹ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಸ್ವಲ್ಪ ನಯಾಸಿನ್ ಮಾಡಿಕೊಳ್ಳಬಲ್ಲದು. ಆ ಕೆಲಸದ ಕಿಣ್ವಗಳಿಗೆ ರೈಬೋಫ್ಲೇವಿನ್ (ಬಿ2) ಮತ್ತು ಬಿ6 ಬೇಕು. ಒಂದು ಜೀವಸತ್ವದ ಅಭಾವ ಇನ್ನೊಂದರ ಕೊರತೆಯನ್ನೂ ಹೆಚ್ಚಿಸುವುದು ಹೀಗೆ. ಜೋಳವನ್ನೇ ನೆಚ್ಚಿಕೊಂಡಿದ್ದ ದಖ್ಖನ್ನಿನ ಬಡವರಲ್ಲಿ ನಯಾಸಿನ್ ಕೊರತೆಯ ಕಾಯಿಲೆಯಾದ ಪೆಲಾಗ್ರ ಏಕೆ ಬರುತ್ತದೆಂದು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಹುಡುಕಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ನಯಾಸಿನ್ ಬಳಕೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ.

ಅಪೋಕಿಣ್ವಗಳಿಗೆಲ್ಲ ಸಹಕಿಣ್ವ ದೊರೆತ ಮೇಲೆ ಹೆಚ್ಚಿನ ಮಾತ್ರೆ ನುಂಗಿದರೆ ಕಿಣ್ವದ ವೇಗ ಏರುವುದಿಲ್ಲ. ನೀರಿನಲ್ಲಿ ಕರಗುವ ಜೀವಸತ್ವಗಳ ಹೆಚ್ಚುವರಿ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ಬಿ6 ಅತಿಯಾದರೆ ನರಗಳಿಗೇ ಹಾನಿ. ಆದರೆ ಹುಟ್ಟಿನಿಂದಲೇ ಕಿಣ್ವದ ರಚನೆ ಕೆಟ್ಟು, ಸಹಕಿಣ್ವವನ್ನು ಅದು ಸರಿಯಾಗಿ ಹಿಡಿಯಲಾರದ ಕೆಲವು ಕಾಯಿಲೆಗಳಲ್ಲಿ ದೊಡ್ಡ ಪ್ರಮಾಣವೇ ಚಿಕಿತ್ಸೆ. ಹೋಮೋಸಿಸ್ಟಿನ್ಯೂರಿಯದ ಒಂದು ಪಾಲು ರೋಗಿಗಳು ಬಿ6ನಿಂದ ಸುಧಾರಿಸುವುದು ಇದಕ್ಕೆ ಉದಾಹರಣೆ.