ಕಣ್ಣಪ್ಪನೂ ಸಿ.ಐ.ಡಿ. 999 ಕೂಡ
ಸಿ.ಐ.ಡಿ. 999 ಪ್ರಕಾಶನ ನಾಲ್ಕು ಚಿತ್ರಗಳಿಗೆ ನಾನು ಆಜೀವ ಅಭಿಮಾನಿ. ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' (1968) ಈ ಮಾಲೆಯ ಮೊದಲನೆಯದು; 'ಆಪರೇಷನ್ ಡೈಮಂಡ್ ರಾಕೆಟ್' (1978) ಕೊನೆಯದು. ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರವೇ ಮೊದಲ ಕಥೆಯ ಬೀಜ. ಇದೆಲ್ಲ ಜೇಮ್ಸ್ ಬಾಂಡನ ನೆರಳೆಂದು ಮೂಗು ಮುರಿಯುವವರುಂಟು. ನೆರಳು ನಿಜ, ಆದರೆ ಬೇರು ನಮ್ಮ ತುಮಕೂರು ಸೀಮೆಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಮುಂದೆ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದು, ತುಮಕೂರು ಕುಣಿಗಲ್ಲುಗಳ ಜನಕ್ಕೆ ಅದ್ಭುತದ ರುಚಿ ಹತ್ತಿಸಿತ್ತು. ಅಲ್ಲಿ ಪಳಗಿದ ರಾಜಕುಮಾರರು 1954ರಲ್ಲಿ ಬೇಡರ ಕಣ್ಣಪ್ಪನಾಗಿ ಶಿವನಿಗೆ ಕಣ್ಣನ್ನೇ ಕೊಟ್ಟರು. ಹದಿನಾಲ್ಕು ವರ್ಷಗಳ ಬಳಿಕ ಪಿಸ್ತೂಲು ಹಿಡಿದರು. ಮಂತ್ರಾಸ್ತ್ರದ ಎಡೆಗೆ ಯಂತ್ರಾಸ್ತ್ರ ಬಂದಿತ್ತು, ಅಷ್ಟೆ. ಈ ಮಾಲೆಯನ್ನು ನಾನು ಗುಬ್ಬಿ ರಂಗಭೂಮಿಯ ಮುಂದಿನ ಅಂಕವೆಂದೇ ಎಣಿಸುತ್ತೇನೆ.