ಒಬ್ಬರೇ ಮಾಸ್ತರು, ಆರು ವಿಷಯ: ಸಮಾಜ ಶಿಕ್ಷಕರ ಡಿಗ್ರಿಯ ಕಥೆ

ಇವತ್ತಿನ ಎಪಿಸೋಡ್ ಒಂದು ಡಿಗ್ರಿಯ ಇತಿಹಾಸ. ನಮಗೆ ಸಮಾಜ ವಿಜ್ಞಾನ ಕಲಿಸೋ ಮಾಸ್ತರು, ಅಕ್ಕೋರು ಹೇಗೆ ತಯಾರಾಗ್ತಾರೆ ಅನ್ನೋ ಕಥೆ.

ಎಸ್ಸೆಸ್ಸೆಲ್ಸಿ ಸಮಾಜ ಪುಸ್ತಕದ ಪರಿವಿಡಿ ತೆಗೀರಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಒಟ್ಟು ಆರು! ನಾನು ಓದಿದ್ದು ಬಿ.ಕಾಂ., ನನ್ನ ಬ್ಯಾಂಕ್ ಪಾಠವೂ ಅದರೊಳಗೇ ಇದೆ. ಆರನ್ನೂ ಕಲಿಸೋರು ಒಬ್ಬರೇ. ಆದರೆ ಅವರು ಬಿ.ಎ.ನಲ್ಲಿ ಓದಿದ್ದು ಸಾಮಾನ್ಯವಾಗಿ ಮೂರೇ ವಿಷಯ.

ಈ ಗಂಟು ಬಿದ್ದದ್ದು ಯಾವಾಗ? 1952-53ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಸೆಕೆಂಡರಿ ಶಿಕ್ಷಣ ಆಯೋಗ, ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರವನ್ನು ಬಿಡಿಬಿಡಿಯಾಗಿ ಕಲಿಸೋದು ಬೇಡ, ಕೂಡಿಸಿ ಕಲಿಸಿ ಎಂದಿತು. ಶಾಲೆ ಕೂಡಿಸಿತು. ಕಾಲೇಜು ಕೂಡಿಸಲಿಲ್ಲ. ಮೊದಲು ಬಿ.ಎ., ಆಮೇಲೆ ಒಂದು ವರ್ಷದ ಬಿ.ಎಡ್. ಅಲ್ಲಿ ಪಾಠ ಯೋಜನೆ, ಬೋಧನಾ ಅಭ್ಯಾಸ ಕಲಿಸ್ತಾರೆ. ವಿಷಯ ನಿಮಗೆ ಮೊದಲೇ ಗೊತ್ತು ಅಂತ ಲೆಕ್ಕ.

1963ರಲ್ಲಿ ಬೇರೆ ದಾರಿಯೊಂದು ತೆರೆಯಿತು. ಮೈಸೂರು, ಅಜ್ಮೀರ್, ಭೋಪಾಲ್, ಭುವನೇಶ್ವರದಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಶುರುವಾದವು. ವಿಷಯ ಮತ್ತು ಬೋಧನೆ ಎರಡನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸೋ ಪ್ರಯೋಗ ಅದು. ಮೈಸೂರಿನ ಆ ಸಂಸ್ಥೆಯಲ್ಲಿ ಬಿ.ಎ.ಬಿ.ಎಡ್. ಓದಿದವರಿದ್ದಾರೆ. ಆದರೆ ಇಡೀ ದೇಶಕ್ಕೆ ಅಂಥವು ಕೆಲವೇ. ಉಳಿದವರಲ್ಲಿ ಹೆಚ್ಚಿನವರು ಹಳೇ ದಾರಿಯಲ್ಲೇ ನಡೆದರು. 2015ರಿಂದ ಬಿ.ಎಡ್. ಎರಡು ವರ್ಷ ಆಯ್ತು. 2020ರ ಶಿಕ್ಷಣ ನೀತಿ ಮತ್ತೆ ನಾಲ್ಕು ವರ್ಷದ ಕೋರ್ಸ್ ಕಡೆ ತಿರುಗಿತು. 2023-24ರಲ್ಲಿ ಅದು ಆಯ್ದ ಕಾಲೇಜುಗಳಲ್ಲಿ ಶುರುವಾಯ್ತು.

ಇದನ್ನು ಈಗ ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಿಂದ ನೋಡೋಣ. ಊರಲ್ಲೇ ರೈತರಿಗೆ ಕಲಿಸೋ ಕೃಷಿ ವಿಜ್ಞಾನ ಕೇಂದ್ರ ಇದೆ. ಹತ್ತಿರದ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು. ತೋಟಗಾರಿಕೆ ಡಿಗ್ರಿಗೆ ನಾಲ್ಕು ವರ್ಷ. ಮಣ್ಣು, ಕೀಟ, ಮಾರುಕಟ್ಟೆ ಎಲ್ಲ ಒಂದರಲ್ಲೇ. ಅದೇ ಊರಿನ ಹುಡುಗಿ ಸಮಾಜ ಅಕ್ಕೋರು ಆಗಬೇಕಂದ್ರೆ ಬಿ.ಎ. ಮೂರು, ಬಿ.ಎಡ್. ಎರಡು, ಒಟ್ಟು ಐದು ವರ್ಷ. ಆಮೇಲೆ ಟಿಇಟಿ, ಅದರ ಎರಡನೇ ಪತ್ರಿಕೆಯಲ್ಲಿ 150ಕ್ಕೆ 60 ಅಂಕ ಸಮಾಜದ್ದು. ಆಮೇಲೆ ನೇಮಕಾತಿ ಪರೀಕ್ಷೆ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆ ಕರೆದಿದ್ದರು. ಅಂಥ ಕರೆ ವರ್ಷಾ ವರ್ಷಾ ಬರೋದಿಲ್ಲ. ಮನೆಯಲ್ಲಿ ಮದುವೆ ಮಾತು ಮಾತ್ರ ತಪ್ಪದೇ ಬರ್ತದೆ.

ಆದರೆ ನನ್ನ ಪ್ರಕಾರ ಅಸಲು ಪ್ರಶ್ನೆ ವರ್ಷದ್ದಲ್ಲ, ಕೂಡಿಸೋದರದ್ದು. ಕಬ್ಬಿನ ಬಿಲ್ಲನ್ನೇ ಪಾಠ ಮಾಡಿ ನೋಡ್ರಿ. ಘಟಪ್ರಭಾ ನೀರು, ಭೂಗೋಳ. ಹಿಡಕಲ್ ಡ್ಯಾಮಿಗೆ ಮುಳುಗಿದ ಊರುಗಳು, ಇತಿಹಾಸ. ಕಬ್ಬಿನ ದರ ಯಾರು ನಿಗದಿ ಮಾಡ್ತಾರೆ, ರಾಜ್ಯಶಾಸ್ತ್ರ. ಆ ದರ ಸಾಲ್ತದೋ ಇಲ್ಲೋ, ಅರ್ಥಶಾಸ್ತ್ರ. ಕಬ್ಬು ಕಡಿಯೋ ಗ್ಯಾಂಗಿನವರ ಮಕ್ಕಳು ಶಾಲೆ ಬಿಡೋದು, ಸಮಾಜಶಾಸ್ತ್ರ. ಸೊಸೈಟಿ ಸಾಲ, ವ್ಯವಹಾರ ಅಧ್ಯಯನ. ಮನೆಯಲ್ಲಿ ಆರೂ ಒಂದೇ ಮಾತು. ಅದನ್ನು ಒಂದೇ ಮಾತಾಗಿ ಕಲಿಸೋಕೆ ಮಾಸ್ತರನ್ನು ತಯಾರು ಮಾಡದ ಡಿಗ್ರಿ, ನಾಲ್ಕು ವರ್ಷದ್ದಾದರೂ ಐದು ವರ್ಷದ್ದಾದರೂ, ಅರ್ಧ ಕೆಲಸ ಮಾತ್ರ ಮಾಡಿದಂತೆ.

ಪಿಯುಸಿ ಮುಗಿಸಿ ಈ ದಾರಿ ನೋಡ್ತಿದ್ದೀರಾ? ಕಾಲೇಜಿಗೆ ಹೋದಾಗ ಫೀಸು ಕೇಳೋ ಮೊದಲು ಒಂದು ಮಾತು ಕೇಳ್ರಿ: ನಾನು ಓದದ ಮೂರು ವಿಷಯ ಇಲ್ಲಿ ಯಾರು ಕಲಿಸ್ತಾರೆ? ಸಿಕ್ಕ ಉತ್ತರ ನನಗೂ ವಾಯ್ಸ್ ಮೆಸೇಜ್ ಮಾಡ್ರಿ. ಮುಂದಿನ ವಾರ ಸಿಗೋಣ.